ಕಾರ್ಡಿನ ದಾರ, ಕೆಂದಿಯ ಕಣ್ಣಿ

ಮೊನ್ನೆ ನಮ್ಮ ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನ ಹುಡುಗಿ ತನ್ನ ಐಡಿ ಕಾರ್ಡಿನ ದಾರ ಎಳೆ ಬಿಡುತ್ತಿದೆಯೆಂದು ಅದರ ತುದಿಗೆ ಲೈಟರಿನ ಬೆಂಕಿ ಮುಟ್ಟಿಸಿದಳು. ನೈಲಾನು ಕರಗಿ ಕಮಟು ವಾಸನೆ ಎದ್ದಿತು. ಸಾಲಿನಲ್ಲಿ ನಿಂತವರು ಮೂಗು ಮುಚ್ಚಿಕೊಂಡರು. ನಾನೊಬ್ಬಳು ಮಾತ್ರ ಉಸಿರನ್ನು ಇನ್ನಷ್ಟು ಒಳಗೆಳೆದುಕೊಂಡೆ. ಆ ವಾಸನೆ ಬಂದರೆ ಉಳವಿಯ ಬಾಡಿಗೆ ಕೋಣೆ, ಅದರ ಕಿಟಕಿ, ಕಿಟಕಿಯಾಚೆಯ ಕೊಟ್ಟಿಗೆ ಎಲ್ಲವೂ ಒಟ್ಟಿಗೇ ಬಂದುಬಿಡುತ್ತವೆ. ಅಷ್ಟರಲ್ಲಿ ಮ್ಯಾನೇಜರು ಅತ್ತ ಹಾದುಹೋಗುತ್ತಾ ನಿಂತರು. "ಮೇಡಂ, ಎಲ್ಲರ ಕಾರ್ಡೂ ಕೊರಳಲ್ಲಿದೆ, ನಿಮ್ಮದು ಮಾತ್ರ ಯಾವಾಗಲೂ ಪರ್ಸಿನಲ್ಲಿ. ನಿಮ್ಮ ದಾರ ಎಲ್ಲಿ?" ಎಂದರು. ಕೌಂಟರಿನ ಮುಂದೆ ಜನ ಕಾಯುತ್ತಿದ್ದರು. ಹೇಳಹೊರಟರೆ ಒಂದು ವರ್ಷದ ಕತೆ ಹೇಳಬೇಕಾಗುತ್ತಿತ್ತು. ನಕ್ಕು ಮುಂದಿನವರ ಚೀಟಿಗೆ ಕೈ ಚಾಚಿದೆ.

ನಾನು ಶಿಕಾರಿಪುರದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರೆಲ್ಲ ಕೇಳಿ ಸುಸ್ತಾಗಿ ಬಿಟ್ಟಿದ್ದಾರೆ, ಆದ್ದರಿಂದ ಇಲ್ಲಿಯೂ ಹೇಳುವುದಿಲ್ಲ. ಅಮ್ಮನಿಗೆ ಲಕ್ವ ಹೊಡೆದ ಮೇಲೆ ನಾನೂ ಅವಳೂ ಇಬ್ಬರೇ ಬಹಳ ಕಾಲ ಇದ್ದೆವು. ಬೆಳಗ್ಗೆ ಬ್ಯಾಂಕಿಗೆ ಹೊರಡುವ ಮೊದಲು ಅವಳ ತಲೆ ಬಾಚಿ ಜಡೆ ಹಾಕುವುದು ನನ್ನ ಕೊನೆಯ ಕೆಲಸ. ಕೂದಲು ಇಲಿಬಾಲದಷ್ಟಾಗಿದ್ದರೂ ಅವಳಿಗೆ ಜಡೆಯೇ ಆಗಬೇಕು, ತುರುಬು ಕಟ್ಟಿದರೆ ಮುಖ ಸೊಟ್ಟ ಮಾಡುತ್ತಿದ್ದಳು. ಒಂದು ಶ್ರಾವಣದಲ್ಲಿ ಅಮ್ಮ ತೀರಿಕೊಂಡಳು. ದಸರೆಯ ಹೊತ್ತಿಗೆ ನನಗೆ ಸೊರಬ ತಾಲ್ಲೂಕಿನ ಉಳವಿಗೆ ವರ್ಗವಾಯಿತು. ಅಣ್ಣ ದೂರದ ಊರಿನಲ್ಲಿ ನೆಲೆಸಿದವನು. ಖಾಲಿ ಬಿದ್ದರೆ ಮನೆ ಹಾಳಾಗುತ್ತದೆ ಎಂದು ಶಿಕಾರಿಪುರದ ಮನೆಯನ್ನು ಬಾಡಿಗೆಗೆ ಕೊಟ್ಟ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಶಿಕಾರಿಪುರಕ್ಕೂ ಉಳವಿಗೂ ಮಹಾ ದೂರವೇನಿಲ್ಲ. ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಂದು ಇನ್ನೊಂದು ಬಸ್ಸು ಹತ್ತಿದರೆ ಆಯಿತು. ಆದರೆ ರಜೆ ಬಂತೆಂದರೆ ನಮ್ಮ ಶಾಖೆಯವರೆಲ್ಲ ಸಂಜೆಯ ಬಸ್ಸಿಗೆ ಓಡುತ್ತಿದ್ದರು, ಓಡುವ ಮುಂಚೆ ಒಬ್ಬರಲ್ಲ ಒಬ್ಬರು "ಮೇಡಂ, ನೀವು ಊರಿಗೆ ಹೋಗಲ್ವಾ?" ಎನ್ನುತ್ತಿದ್ದರು. ಸೌಜನ್ಯಕ್ಕೆ ಕೇಳುವ ಮಾತು. ನನಗೆ ಅದು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ ಎರಡು ದಿನ ಕಾಡುತ್ತಿತ್ತು. ಹೋಗುವುದಕ್ಕೆ ಊರಿತ್ತು, ಆ ಊರಿನಲ್ಲಿ ಬಾಗಿಲು ತೆಗೆಯುವವರಿರಲಿಲ್ಲ. ಒಂದು ಎರಡನೇ ಶನಿವಾರ ಹಟಕ್ಕೆ ಬಿದ್ದು ಹೋದೆ. ನಮ್ಮ ಮನೆಯ ಎದುರಿನ ಕಟ್ಟೆಯ ಬಳಿ ನಿಂತು ನೋಡಿದೆ. ಅಮ್ಮನ ಸೀರೆ ಒಣಗುತ್ತಿದ್ದ ತಂತಿಯ ಮೇಲೆ ಯಾರದೋ ಪುಟ್ಟ ಮಗುವಿನ ಅಂಗಿಗಳು ಒಣಗುತ್ತಿದ್ದವು. ಬಾಡಿಗೆಯ ಹೆಂಗಸು ಹೊರಬಂದು "ಯಾರ್ ಬೇಕಾಗಿತ್ರೀ?" ಎಂದಳು. ಯಾರೂ ಬೇಡವೆಂದು ಹೇಳಿ ಹುಚ್ಚರಾಯನ ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ಕೂತು ವಾಪಸು ಬಂದೆ.

ಉಳವಿಯಲ್ಲಿ ನನ್ನ ಕೋಣೆ ಕೆರಿಯಪ್ಪ ಮತ್ತು ಸರೋಜಕ್ಕ ಎಂಬ ರೈತ ದಂಪತಿಯ ಮನೆಯ ಮಗ್ಗುಲಿಗಿತ್ತು. ಮಕ್ಕಳು, ಸೊಸೆ, ಬಂದುಹೋಗುವ ನೆಂಟರು, ಎಲ್ಲರ ಮೇಲೆ ಕಣ್ಣಿಟ್ಟ ಸರೋಜಕ್ಕನ ಅತ್ತೆ ಹಾಲಮ್ಮ. ತುಂಬಿದ ಮನೆ. ನನ್ನ ಗೋಡೆಯ ಆಚೆ ದಿನವಿಡೀ ಮಾತು, ನಗು, ಬೈಗುಳ. ಈಚೆ ನಾನು. ಅವರು ಕೆಟ್ಟವರಲ್ಲ. ಸರೋಜಕ್ಕ ಆಗಾಗ ಸಾರು ತಂದುಕೊಟ್ಟು, "ತಗಳ್ರಿ ಮೇಡಂ" ಎಂದು ಹೊಸಿಲಿನಲ್ಲೇ ನಿಂತು, ಪಾತ್ರೆ ಈಸಿಕೊಂಡು ಹೋಗುತ್ತಿದ್ದಳು. ಒಳಗೆ ಬನ್ನಿ ಎಂದರೆ "ನಿಮಗ್ಯಾಕೆ ತ್ರಾಸು" ಎನ್ನುತ್ತಿದ್ದಳು. ಆ ಮೇಡಂ ಎಂಬ ಶಬ್ದವನ್ನು ಕಿತ್ತು ಹೊಂಡಕ್ಕೆ ಎಸೆಯಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದ್ದಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ಬೆಳಗಿನ ಹೊತ್ತು. ತಿಂಡಿಯಾಗಿ, ಸೀರೆಯುಟ್ಟು, ಬ್ಯಾಂಕು ತೆರೆಯಲು ಇನ್ನೂ ಸಮಯವಿರುವಾಗ ಕೈಗಳು ಜಡೆ ಹುಡುಕುತ್ತಿದ್ದವು. ಅಳು ಬರುತ್ತಿರಲಿಲ್ಲ. ಬೆರಳುಗಳು ಸುಮ್ಮನೆ ಸೆರಗಿನ ಅಂಚನ್ನು ಮೂರು ಭಾಗ ಮಾಡಿ ಹೆಣೆಯುತ್ತಾ ಕೂತಿರುತ್ತಿದ್ದವು.

ಅದೇ ದಿನಗಳಲ್ಲಿ ಎಲ್ಲರೂ ಗುರುತಿನ ಕಾರ್ಡು ಕೊರಳಿಗೆ ಹಾಕಲೇಬೇಕೆಂದು ಆದೇಶ ಬಂತು. ಕೊಟ್ಟಿದ್ದ ಟ್ಯಾಗಿನ ಪಟ್ಟಿಯ ಅಂಚು ಒರಟು. ಬೆವರಿಗೆ ಉಜ್ಜಿ ನನ್ನ ಕತ್ತಿನ ಸುತ್ತ ಕೆಂಪು ಗೆರೆ ಎದ್ದಿತು. ಬೇರೆ ಸಿಗುತ್ತದೆಯೇ ಎಂದು ಫೋನಿನಲ್ಲಿ ಹುಡುಕಿದಾಗ ಅದಕ್ಕೆ ಲ್ಯಾನ್ಯಾರ್ಡ್ ಎಂಬ ಹೆಸರಿದೆಯೆಂದೂ, ಜಗತ್ತಿನಲ್ಲಿ ಅದನ್ನು ಕೈಯಲ್ಲೇ ಹೆಣೆದು ಖುಷಿಪಡುವ ಜನರಿದ್ದಾರೆಂದೂ ತಿಳಿಯಿತು. ಮುಖ ಕಾಣಿಸದ ಎರಡು ಕೈಗಳು ಬಣ್ಣದ ದಾರಗಳನ್ನು ಎಡಕ್ಕೆ ಬಲಕ್ಕೆ ದಾಟಿಸುತ್ತಿದ್ದವು. ನೋಡುತ್ತಾ ನೋಡುತ್ತಾ ನನ್ನ ಬೆರಳುಗಳೂ ಆಡತೊಡಗಿದವು.

ಮರುದಿನವೇ ಸೊರಬಕ್ಕೆ ಹೋಗಿ ಹಗ್ಗದ ಅಂಗಡಿ ಹೊಕ್ಕೆ. ದೀಪಾವಳಿ ಕಳೆದು ಹೋರಿ ಬೆದರಿಸುವ ಹಬ್ಬದ ಕಾಲ. ಅಂಗಡಿಯ ತುಂಬ ಮೂಗುದಾರ, ಗೆಜ್ಜೆ, ರಿಬ್ಬನ್ನು. ತೆಳುವಾದ ನೈಲಾನು ದಾರ ಬೇಕೆಂದೆ.

"ಹೋರಿಗೋ, ಆಕಳಿಗೋ?" ಎಂದ ಅಂಗಡಿಯವನು.

"ನನಗೆ ಕಣ್ರೀ."

"ಬಟ್ಟಿ ಒಣಗ್ಸಾಕಾ?"

"ಅಲ್ಲ, ಕೊರಳಿಗೆ."

ಅಳೆಯಲು ಎತ್ತಿದ್ದ ದಾರವನ್ನು ಅವನು ಮೆಲ್ಲಗೆ ಹಿಂದಕ್ಕೆ ಇಟ್ಟುಕೊಂಡ. "ಮೇಡಮ್ಮಾರೇ, ಮನೇಲಿ ಎಲ್ಲಾ ಆರಾಮಾ? ಇಲ್ಲಿ ಕುಂದ್ರಿ. ಒಂದ್ ಚಾ ಕುಡೀರಿ ಮೊದ್ಲು" ಎಂದು ಸ್ಟೂಲು ಎಳೆದ. ಅವನ ತಲೆಯಲ್ಲಿ ಏನು ಬಂತೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಕಾರ್ಡು ತೆಗೆದು ತೋರಿಸಿ, ಕತ್ತಿನ ಗೆರೆ ತೋರಿಸಿ, ಇಬ್ಬರೂ ನಕ್ಕೆವು. ಚಹಾವನ್ನೂ ಕುಡಿದೆ. ವಾಪಸು ಬಸ್ಸಿನಲ್ಲಿ ಕೂತಾಗ ಮಾತ್ರ ನಗು ನಿಂತುಹೋಯಿತು. ಅಮ್ಮ ಹೋದ ಮೇಲೆ ಮನೇಲಿ ಎಲ್ಲಾ ಆರಾಮಾ ಎಂದು ನನ್ನನ್ನು ಕೇಳಿದವನು ಅವನೊಬ್ಬನೇ.

ಕಲಿಯುವುದು ಸುಲಭವೆಂದು ಯಾರೂ ತಿಳಿಯಬೇಡಿ. ಜಡೆ ಹಾಕಿದ ಕೈ, ಮೂರು ಎಳೆಯ ಜಾಗದಲ್ಲಿ ನಾಲ್ಕು ಬಂದರೇನು ಎಂಬ ಜಂಬ ನನಗಿತ್ತು. ಕಿಟಕಿಯ ಸರಳಿಗೆ ದಾರ ಕಟ್ಟಿಕೊಂಡು ಕೂತೆ. ಒಂದು ಗಂಟು ಎಡದಿಂದ ಹಾಕಿದರೆ ಮುಂದಿನದು ಬಲದಿಂದ ಹಾಕಬೇಕು, ಆಗಲೇ ಹೆಣಿಗೆ ಚಪ್ಪಟೆಯಾಗಿ ಇಳಿಯುವುದು. ನಾನು ಎಡದ್ದನ್ನೇ ಮತ್ತೆ ಮತ್ತೆ ಹಾಕುತ್ತಾ ಹೋದೆ. ದಾರ ತನ್ನಷ್ಟಕ್ಕೆ ತಾನೇ ತಿರುಚಿಕೊಂಡು ಸುರುಳಿಯಾಯಿತು. ಬಿಚ್ಚಿ ಮತ್ತೆ ಹೆಣೆದೆ. ಈ ಸಲ ಚಪ್ಪಟೆಯೇನೋ ಬಂತು, ಆದರೆ ಗಂಟುಗಳು ದಾರವನ್ನು ನುಂಗುತ್ತವೆ ಎಂಬ ಲೆಕ್ಕ ನನಗಿರಲಿಲ್ಲ. ಕಾರ್ಡು ಎದೆಗಿಳಿಯದೆ ಗದ್ದದ ಕೆಳಗೇ ನಿಲ್ಲುವಷ್ಟು ಗಿಡ್ಡವಿರುವಾಗಲೇ ಮುಗಿದುಹೋಯಿತು. ಕೆಂಪು ಹಳದಿಯ ಆ ಮೊದಲ ದಾರ ಹೀಗೆ ಮನುಷ್ಯರ ಉಪಯೋಗಕ್ಕೆ ಬಾರದೆ ಉಳಿಯಿತು. ಅಂಗಳದಲ್ಲಿ ಕೂತು ನನ್ನ ಒದ್ದಾಟ ನೋಡುತ್ತಿದ್ದ ಹಾಲಮ್ಮ ಸರೋಜಕ್ಕನಿಗೆ, ನನಗೂ ಕೇಳುವಂತೆ, ಹೇಳಿದಳು: "ಕೆಲ್ಸ ಇಲ್ದಿದ್ ಆಚಾರಿ ಮಗನ ಕುಂಡಿ ಕೆತ್ತಿದ್ನಂತೆ. ಮೇಡಂಗೆ ಮಗನೂ ಇಲ್ಲ, ಪಾಪ, ದಾರ ಹಿಡ್ಕಂಡಾರೆ." ಸಿಟ್ಟು ಬಂತು. ಮಾತು ನಿಜವಾಗಿದ್ದರಿಂದ ಇನ್ನೂ ಹೆಚ್ಚು ಬಂತು.

ನನ್ನ ಕೈಕೆಲಸವನ್ನು ಮೊದಲು ಮೆಚ್ಚಿದವಳು ಕೆಂದಿ. ಅದು ಅವರ ಮನೆಯ ಕೆಂಚು ಬಣ್ಣದ ಪಡ್ಡೆ, ಇನ್ನೂ ಕರು ಹಾಕಿರದ ಎಳೆ ಆಕಳು. ಕೊಟ್ಟಿಗೆಯಲ್ಲಿ ಅದನ್ನು ಕಟ್ಟುತ್ತಿದ್ದ ಗೂಟ ನನ್ನ ಕಿಟಕಿಗೆ ಹತ್ತಿರ. ನಾನು ಹೆಣೆಯುತ್ತಾ ಇದ್ದರೆ ಅದು ಮೂತಿ ಚಾಚಿ ನೇತಾಡುವ ತುದಿಯನ್ನು ನಾಲಿಗೆಯಿಂದ ಎಳೆದುಕೊಂಡು ಮೆಲುಕು ಹಾಕುತ್ತಿತ್ತು. ಬೈದರೆ ಕಿವಿ ಅಲ್ಲಾಡಿಸುತ್ತಿತ್ತು. ಬೈಯಲಿಕ್ಕೊಂದು ಜೀವ ಸಿಕ್ಕಿತಲ್ಲ ಎಂದು ನಾನು ಸಂಜೆ ಬ್ಯಾಂಕಿನಿಂದ ಬೇಗ ಬೇಗ ಬರತೊಡಗಿದೆ. ಅಮ್ಮನ ಕಾಯಿಲೆಯ ಕೊನೆಯ ದಿನಗಳನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಆ ಕಿಟಕಿಯಲ್ಲಿ, ಆ ಆಕಳಿನ ಹತ್ತಿರ ಎಲ್ಲವನ್ನೂ ಆಡಿದೆ.

ಗಿಡ್ಡವಾಗಿದ್ದ ಕೆಂಪು ಹಳದಿ ದಾರ ಕೆಂದಿಯ ಕೊರಳಿಗೆ ಅಳತೆ ಹಿಡಿದಂತೆ ಕೂತಿತು. ಕೊರಳಿಗೆ ಹಾಕುವ ಹಗ್ಗಕ್ಕೆ ಅಲ್ಲಿ ಕಣ್ಣಿ ಎನ್ನುತ್ತಾರೆ. ಅದರ ಹಳೆಯ ಕಣ್ಣಿಯ ಪಕ್ಕದಲ್ಲೇ ಇದನ್ನೂ ಕಟ್ಟಿ ತುದಿಗಳನ್ನು ಕತ್ತರಿಸಿ ಸುಟ್ಟೆ. ಸರೋಜಕ್ಕ ನೋಡಿ "ಚೆಂದ ಕಾಣ್ತಾಳ್ರೀ ನಮ್ ಕೆಂದಿ, ಮದುವಣಗಿತ್ತಿ ಹಂಗೆ" ಎಂದು ನಕ್ಕಳು. ಅಷ್ಟರಲ್ಲಿ ನನಗೂ ಒಂದು ದಾರ ಸರಿಯಾಗಿ ಬಂದಿತ್ತು, ಹಸಿರು ಬಿಳಿಯದು. ಅದರಲ್ಲೂ ಒಂದು ದೋಷ. ಕೊಂಡಿಯ ಹತ್ತಿರ ಎಲ್ಲೋ ಸಣ್ಣ ತಿರುಚು ಉಳಿದು, ಕಾರ್ಡು ಯಾವಾಗಲೂ ಬೆನ್ನು ತಿರುಗಿಸಿಕೊಂಡೇ ಇರುತ್ತಿತ್ತು. ಕೌಂಟರಿಗೆ ಬಂದವರಿಗೆ ನನ್ನ ಹೆಸರೂ ಕಾಣುತ್ತಿರಲಿಲ್ಲ, ಮುಖವೂ ಕಾಣುತ್ತಿರಲಿಲ್ಲ. ಹೇಗಿದ್ದರೂ ಅವರಿಗೆ ನಾನು ಮೇಡಂ ತಾನೆ ಎಂದು ಹಾಗೇ ಬಿಟ್ಟೆ.

ಸಂಕ್ರಾಂತಿ ಕಳೆದು ಚಳಿ ಇಳಿಯುವ ಹೊತ್ತಿಗೆ ಕೆಂದಿಯನ್ನು ಮಾರಿದರು. ಕೊಟ್ಟಿಗೆಯಲ್ಲಿ ಜಾಗ ಸಾಲದು, ಗುಡವಿಯ ಕಡೆಯ ಒಬ್ಬರು ಕೇಳಿದ್ದರು, ಕೊಟ್ಟರು. ರೈತರ ಮನೆಯಲ್ಲಿ ಅದೇನು ದೊಡ್ಡ ಸಂಗತಿಯಲ್ಲ. ನಾನು ಬ್ಯಾಂಕಿಗೆ ಹೊರಟವಳು ಅಂಗಳದಲ್ಲಿ ನಿಂತೆ. ಕೊಳ್ಳುವ ನಾಗಪ್ಪ ತನ್ನದೇ ಹೊಸ ಹಗ್ಗ ತಂದಿದ್ದ. ಸರೋಜಕ್ಕ ಕೆಂದಿಯ ಹಣೆಗೆ ಕುಂಕುಮವಿಟ್ಟು, ಹಳೆಯ ಕಣ್ಣಿ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಆಮೇಲೆ ನನ್ನ ದಾರದ ಗಂಟಿಗೂ ಕೈ ಹಾಕಿದಳು.

"ಇರಲಿ ಬಿಡ್ರಿ ಸರೋಜಕ್ಕ. ನನ್ನ ನೆನಪಿಗೆ ಇರಲಿ" ಎಂದೆ.

ಅವಳ ಕೈ ಗಂಟಿನ ಮೇಲೇ ತಡೆಯಿತು. ಅತ್ತೆಯ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು. "ಆತು ಬಿಡ್ರಿ ಮೇಡಂ" ಎಂದು ಕೈ ತೆಗೆದಳು. ಟೆಂಪೊ ಹೊರಟಿತು. ನಾನು ಕಣ್ಣೊರೆಸಿಕೊಂಡು ಬ್ಯಾಂಕಿಗೆ ಹೋದೆ.

ಅಂದು ಸಂಜೆ ಅವರ ಕರೆಯುವ ಹಸು ಹಾಲು ಇಳಿಸಲಿಲ್ಲ. ಜೊತೆಯದು ಹೋಯಿತೆಂದು ಕೂಗುತ್ತಿತ್ತು, ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಿತ್ತು. ಗೋಡೆಯಾಚೆಯ ಮಾತು ನನಗೆ ಒಂದೊಂದೂ ಕೇಳಿಸಿತು.

"ದಾರ ಬಿಟ್ ಕಳಿಸ್ಬಾರ್ದಾಗಿತ್ತು ಅತ್ತೆ. ದನ ಕೊಡಬೋದು, ಹಗ್ಗ ಕೊಡಬಾರ್ದು ಅಂತ ನೀವೇ ಹೇಳದಲ್ವಾ? ಹಗ್ಗದ್ ಜೊತೀಗೆ ಕೊಟ್ಟಿಗಿ ಭಾಗ್ಯನೂ ಹೋತದೆ ಅಂತ. ಮೇಡಮ್ಮೋರು ಹೇಳಿದ್ರು, ಹೆಂಗೆ ಇಲ್ಲ ಅನ್ಲಿ?"

"ಏ, ಸುಮ್ನಿರೆ" ಎಂದಳು ಹಾಲಮ್ಮ. "ಅದು ಬಾಡಿಗಿಯೋರ್ ದಾರ. ಹೊರಗಿನೋರು ಕಟ್ಟಿದ್ದು. ನಮ್ ಮನಿ ಲೆಕ್ಕಕ್ಕೆ ಬರದಿಲ್ಲ ಅದು. ಏನೂ ಆಗದಿಲ್ಲ."

ಸೊಸೆಗೆ ಧೈರ್ಯ ತುಂಬಲು ಮುದುಕಿ ಆಡಿದ ಮಾತು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆನೇನೋ. ಆದರೆ ನಾನು ಅವರ ಭಾಗ್ಯ ಕಳೆದೆ ಎಂದು ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಕಳೆಯುವುದಕ್ಕಾದರೂ ಆ ಮನೆಯವಳಾಗಿರಬೇಕಲ್ಲ! ನಾನು ಕಟ್ಟಿದ್ದರಿಂದ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಶಿಕಾರಿಪುರದ ತಂತಿಯ ಮೇಲೆ ನನ್ನ ಬಟ್ಟೆ ಇಲ್ಲ, ಇಲ್ಲಿಯ ಕೊಟ್ಟಿಗೆಯಲ್ಲಿ ನನ್ನ ಹಗ್ಗಕ್ಕೆ ಬೆಲೆ ಇಲ್ಲ. ಕಿಟಕಿಯಾಚೆ ಕೆಂದಿಯ ಗೂಟವೂ ಬರಿದಾಗಿತ್ತು.

ಭಾನುವಾರ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಸೊರಬದಲ್ಲಿ ಇಳಿದು ಗುಡವಿಯ ಬಸ್ಸು ಹಿಡಿದೆ. ಅಲ್ಲಿಯ ಪಕ್ಷಿಧಾಮದಲ್ಲಿ ಹಕ್ಕಿಗಳ ಕಾಲ ಮುಗಿಯುತ್ತಾ ಬಂದಿತ್ತು, ಕೆರೆಯ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕಿ. ಪೇಟೆಯಿಂದ ಬಂದವರು ಕೊರಳಲ್ಲಿ ದುರ್ಬೀನು ತೂಗುಹಾಕಿಕೊಂಡು ಹಕ್ಕಿ ನೋಡುತ್ತಿದ್ದರು, ನಾನು ಅವರ ದುರ್ಬೀನಿನ ಪಟ್ಟಿಯ ಹೊಲಿಗೆ ನೋಡುತ್ತಾ ಹಾದುಹೋದೆ. ಚಟ ಎಂದರೆ ಹಾಗೆ. ಕೇಳುತ್ತಾ ಕೇಳುತ್ತಾ ನಾಗಪ್ಪನ ಮನೆ ಸಿಕ್ಕಿತು. ಕೆಂದಿ ಹಿತ್ತಿಲಿನಲ್ಲಿತ್ತು, ಕೊರಳಲ್ಲಿ ನನ್ನ ದಾರ ಇನ್ನೂ ಇತ್ತು. ಹತ್ತಿರ ಹೋಗಿ ಕೈ ಚಾಚಿದೆ. ಮೂಸಿ ನೋಡಿ, ಮತ್ತೆ ಹುಲ್ಲಿನ ಕಡೆ ತಿರುಗಿತು. ಇಷ್ಟೆಲ್ಲ ಕೇಳಿಸಿಕೊಂಡವಳು ಮರೆತೇಬಿಟ್ಟಳೇ!

ವಿಷಯ ಹೇಳಲು ನಾನು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬೇಕಾಗಲೇ ಇಲ್ಲ. ದಾರ ಎಂಬ ಶಬ್ದ ಬಾಯಿಂದ ಬರುತ್ತಿದ್ದಂತೆ ನಾಗಪ್ಪ ಹಣೆ ಹಣೆ ಬಡಿದುಕೊಂಡ. "ಅಯ್ಯೋ, ಕೊಟ್ಟಿಗಿ ದಾರ ಜೊತೀಗೇ ಬಂದ್ಬಿಟ್ಟೈತಾ! ನಾವು ಶೋಕಿದು ಅಂದ್ಕಂಡ್ವಿ. ಮೊದ್ಲು ಬಿಚ್ಕಳ್ರಿ ತಾಯಿ" ಎಂದ. ಬಿಚ್ಚುತ್ತಿರುವಾಗ ಕೇಳಿದ: "ನೀವು ಯಾರ್ ಮನಿಯೋರಂದ್ರಿ?"

ಬ್ಯಾಂಕಿನವಳು ಎನ್ನಬಹುದಿತ್ತು. ಶಿಕಾರಿಪುರದವಳು ಎನ್ನಬಹುದಿತ್ತು. "ಸರೋಜಕ್ಕನ ಮನೆಯವಳು" ಎಂದುಬಿಟ್ಟೆ. ಅವನಿಗೇನೂ ವಿಚಿತ್ರವೆನಿಸಲಿಲ್ಲ, ಹಾಗಾದರೆ ಉಂಡೇ ಹೋಗಬೇಕು ಎಂದು ಹೆಂಡತಿಗೆ ಕೂಗಿ ಹೇಳಿದ. ಉಂಡೆ. ಸುಳ್ಳು ಹೇಳಿ ಉಂಡ ಊಟ ಅಷ್ಟು ರುಚಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ವಾಪಸು ಬಂದಾಗ ಮನೆಯವರೆಲ್ಲ ಅಂಗಳದಲ್ಲಿದ್ದರು. ಚೀಲದಿಂದ ದಾರ ತೆಗೆದು ಸರೋಜಕ್ಕನ ಕೈಗೆ ಕೊಟ್ಟೆ. ಅವಳು ಅದನ್ನು ಒಮ್ಮೆ ಕಣ್ಣಿಗೊತ್ತಿಕೊಂಡು ಕೊಟ್ಟಿಗೆಯ ಒಳಗೆ ಹೋದಳು. ಅಲ್ಲಿ ಗೋಡೆಯಲ್ಲಿ ಒಂದು ಉದ್ದನೆಯ ಗೂಟ. ಅವರ ಮನೆಯಿಂದ ಹೋದ ದನಗಳ ಕಣ್ಣಿಗಳೆಲ್ಲ ಅದರಲ್ಲಿ ತೂಗುತ್ತಿದ್ದವು, ಕೆಲವು ಧೂಳು ಹಿಡಿದು ಬಣ್ಣವೇ ತಿಳಿಯದಂತಾಗಿದ್ದವು. ಅವುಗಳ ಜೊತೆಗೆ ನನ್ನದನ್ನೂ ಹಾಕಿದಳು. ಹಾಲಮ್ಮ ಬಾಯಿ ಬಿಟ್ಟಳು: "ಬಿಸಲಾಗೆ ಅಷ್ಟ್ ದೂರ ಒಬ್ಳೇ ಹೋಗಿದ್ಯಲ್ಲ, ಬುದ್ಧಿಗಿದ್ಧಿ ಐತಾ ನಿಂಗೆ? ಹೇಳಿದ್ರೆ ನಮ್ ಕೆರಿಯಪ್ಪ ಬೈಕ್ನಾಗೆ ಹೋಗಿ ತರ್ತಿರ್ಲಿಲ್ವಾ?" ಅಮ್ಮ ಹೋದ ಮೇಲೆ ಯಾರೂ ನನ್ನನ್ನು ಏಕವಚನದಲ್ಲಿ ಬೈದಿರಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತೆ.

ಇದಾದ ಮೇಲೆ ಎಲ್ಲವೂ ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಸರೋಜಕ್ಕನಿಗೆ ನಾನು ಮೇಡಂ ಆಗಿಯೇ ಉಳಿದೆ. ರಜೆಯ ಸಂಜೆಗಳು ಹಿಂದಿನಷ್ಟೇ ಉದ್ದವಿದ್ದವು. ಬೇಸಿಗೆಯಲ್ಲಿ ತಗಡಿನ ಮಾಡು ಕಾದು ಕೋಣೆ ಬಾಣಲೆಯಾಗುತ್ತಿತ್ತು, ನಾನು ಕಿಟಕಿಯ ಸರಳಿಗೆ ದಾರ ಕಟ್ಟಿ ಹೆಣೆಯುತ್ತಿದ್ದೆ, ತುದಿ ಎಳೆಯುವ ನಾಲಿಗೆ ಇರಲಿಲ್ಲ. ಹೆಣಿಗೆ ಮಾತ್ರ ಚೊಕ್ಕವಾಗುತ್ತಾ ಹೋಯಿತು. ಕೆರಿಯಪ್ಪನ ಟ್ರ್ಯಾಕ್ಟರಿನ ಕೀಲಿಗೊಂದು, ನಮ್ಮ ಅಟೆಂಡರಿನ ಕಾರ್ಡಿಗೊಂದು, ಹಾಲು ಕರೆಯುವಾಗ ಫೋನು ಕೊರಳಿಗೆ ಹಾಕಿಕೊಳ್ಳಲೆಂದು ಸರೋಜಕ್ಕನಿಗೊಂದು. ನನ್ನ ಹಸಿರು ಬಿಳಿಯದನ್ನು ಬದಲಿಸಲಿಲ್ಲ. ಕಾರ್ಡು ಬೆನ್ನು ತಿರುಗಿಸಿಕೊಂಡಿರುವುದು ನನಗೂ ರೂಢಿಯಾಗಿತ್ತು.

ಜೂನ್ ತಿಂಗಳಿನಲ್ಲಿ ದಾವಣಗೆರೆಗೆ ವರ್ಗವಾಯಿತು. ಹೊರಡುವ ಬೆಳಗ್ಗೆ ಹೊಸ ಶಾಖೆಗೆ ನೇರವಾಗಿ ಹೋಗಬೇಕೆಂದು ಕಾರ್ಡು ಕೊರಳಿಗೆ ಹಾಕಿಕೊಂಡೇ ಸಿದ್ಧಳಾಗಿದ್ದೆ. ಸರೋಜಕ್ಕ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. ಹಣೆಗೆ ಇಟ್ಟಳು. ಕುಪ್ಪಸದ ಕಣ ಮಡಿಲಿಗೆ ಹಾಕಿದಳು. ಆಮೇಲೆ ನನ್ನ ಕೊರಳಿನ ಕಡೆ ಕೈ ಚಾಚಿ, "ಅದನ್ನ ತೆಗ್ದು ಕೊಡ್ರಿ" ಎಂದಳು.

"ಯಾವುದನ್ನ?"

"ಆ ದಾರ. ಕಾರ್ಡು ಬ್ಯಾಂಕಿಂದು, ಅದನ್ನ ತಗಂಡ್ ಹೋಗ್ರಿ. ದಾರ ನಮ್ ಮನೇದು."

ನಾನು ಕೊಂಡಿ ಬಿಚ್ಚಿದೆ. ಕಾರ್ಡನ್ನು ಪರ್ಸಿಗೆ ಹಾಕಿಕೊಂಡೆ. ದಾರವನ್ನು ತಲೆಯ ಮೇಲಿನಿಂದ ತೆಗೆದು ಕೊಟ್ಟೆ. ಅವಳು ಅದನ್ನು ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಗೆ ನಡೆದಳು, ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೆಂದಿಯ ದಾರದ ಪಕ್ಕದಲ್ಲಿ ನನ್ನದನ್ನು ತೂಗುಹಾಕಿದಳು. ಜಗಲಿಯ ಮೇಲಿದ್ದ ಹಾಲಮ್ಮ ಲೆಕ್ಕಕ್ಕೆ ಬರುವುದಿಲ್ಲ ಎನ್ನಲಿಲ್ಲ. ಬಸ್ಸಿನ ಹಾರ್ನ್ ಕೇಳಿಸಿತು. "ಹೋಗಿ ಬಾ" ಎಂದಳು ಸರೋಜಕ್ಕ, ತಿರುಗಿ ನೋಡದೆ.

ಮಾರಿದ ದನ ಹಿಂದಕ್ಕೆ ಬರುವುದಿಲ್ಲವೆಂದು ನನಗೆ ಗೊತ್ತು. ಹಗ್ಗ ಇಟ್ಟುಕೊಳ್ಳುವುದು ಅದು ಬರಲಿ ಎಂದಲ್ಲ, ಅದು ಹೋದದ್ದರಿಂದ ಕೊಟ್ಟಿಗೆ ಬರಿದಾಗದಿರಲಿ ಎಂದು. ನಾನು ಹೋದರೂ ಒಂದು ಮನೆಗೆ ಏನೋ ಕಡಿಮೆಯಾಗುತ್ತದೆಂದು ಯಾರೋ ಅಂದುಕೊಂಡರಲ್ಲ, ಆ ಒಂದು ಮಾತನ್ನು ದಾವಣಗೆರೆಯ ಒಂಟಿ ಕೋಣೆಯಲ್ಲಿ ಆಗಾಗ ತೆಗೆದು ನೋಡುತ್ತೇನೆ. ಆಮೇಲೆ ಎಷ್ಟೋ ದಾರ ಹೆಣೆದೆ, ಎಲ್ಲ ಬೇರೆಯವರಿಗೆ. ಇಲ್ಲಿಯೂ ಶನಿವಾರ ಎಲ್ಲರೂ ಊರಿಗೆ ಓಡುತ್ತಾರೆ. ನಾನು ಉಳಿಯುತ್ತೇನೆ.

ಮೊನ್ನೆ ಸಂಜೆ ಬ್ಯಾಂಕು ಮುಚ್ಚುವಾಗ ಮ್ಯಾನೇಜರು ಮತ್ತೆ ಎದುರಾದರು. "ದಾರದ ವಿಷಯ ಮರೀಬೇಡಿ ಮೇಡಂ. ಎಲ್ಲಾದರೂ ಕಳೆದುಕೊಂಡಿರಾ?" ಎಂದರು.

"ಕಳೆದಿಲ್ಲ ಸಾರ್" ಎಂದೆ. "ಊರಲ್ಲಿದೆ."